ಕೂದಲೆಳೆಯ ಕಾಲುವೆಗೆ ರೆಪ್ಪೆ ಕೂರಿಸುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಮೂಲೆಯ ಕೋಣೆಯಲ್ಲಿ ಅವರು ಉಸಿರು ಬಿಗಿಹಿಡಿದು, ಗಾಜಿನ ಹಲಗೆಯಿಂದ ತೆಳ್ಳನೆಯ ಪಾಲಿಮರ್ ಪದರವೊಂದನ್ನು ಚಿಮಟದಲ್ಲಿ ಬಿಡಿಸುತ್ತಿದ್ದಾರೆ. ಜನ ಓಡಾಡತೊಡಗಿದರೆ ಧೂಳೇಳುತ್ತದೆ, ಅದಕ್ಕೇ ಈ ಹೊತ್ತು. ಗಾಜಿನ ಮೇಲೆ ಹೊಯ್ದು ವಿದ್ಯುತ್ ಒಲೆಯಲ್ಲಿ ಕಾಯಿಸಿದ ಪದರವನ್ನು ಬಿಸಿ ಆರುವ ಮೊದಲೇ ಬಿಡಿಸಬೇಕು. ಆರಿದರೆ ಗಾಜಿಗೆ ಕಚ್ಚಿಕೊಂಡು ಹರಿದುಹೋಗುತ್ತದೆ.

ಅದನ್ನು ಎಳ್ಳಿಗಿಂತ ಚಿಕ್ಕ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಚೂರು ವಿದ್ಯುತ್ ತಾಗಿಸಿದರೆ ಮೆತ್ತನೆಯ ಪಟ್ಟಿ ಬಾಗುತ್ತದೆ, ನಿಲ್ಲಿಸಿದರೆ ನೆಟ್ಟಗಾಗುತ್ತದೆ. ರಕ್ತ ಪರೀಕ್ಷಿಸುವ ಪುಟ್ಟ ಚಿಪ್‌ನೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿವೆ. ಆ ಇಕ್ಕಟ್ಟಿನಲ್ಲಿ ರಕ್ತವೂ ಪರೀಕ್ಷೆಯ ದ್ರವವೂ ಮುನಿಸಿಕೊಂಡ ನೆಂಟರ ಹಾಗೆ ಅಕ್ಕಪಕ್ಕ ಹರಿಯುತ್ತವೆ, ಬೇಗನೆ ಬೆರೆಯುವುದಿಲ್ಲ. ಬೆರೆಸುವುದು ಈ ಪಟ್ಟಿಗಳು. ಕಣ್ಣು ಮಿಟುಕಿಸಿದಂತೆ ಆಡುವುದರಿಂದ ಅವು ‘ರೆಪ್ಪೆ’. ಅವನ್ನು ಕಾಲುವೆಗೆ ಕೂರಿಸುವ ಇವರು ಎಲ್ಲರಿಗೂ ‘ರೆಪ್ಪೆಯಕ್ಕ’.

ಮೊದಲು ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದವರು. ಗಾಜಿನ ಸಾಮಾನು ತೊಳೆಯಲು ಇಲ್ಲಿಗೆ ಸೇರಿದಾಗ, ಕೈಯ ನಿಧಾನ ಕಂಡು ವಿಜ್ಞಾನಿ ಮೇಡಂ ಈ ಕೆಲಸ ಕಲಿಸಿದರು. “ಅಂಗಿ ಹೊಲಿದ್ರೆ ಯಾರಾದ್ರೂ ಹಾಕ್ಕೊಂಡು ತಿರುಗ್ತಾರೆ. ಇದು ಕಣ್ಣಿಗೇ ಬೀಳಲ್ಲ, ಹೊಗಳೋದೆಲ್ಲಿಂದ ಬಂತು!” ಎಂದು ನಗುತ್ತಾರೆ.

ಅಮ್ಮನ ಮಾತು ಬಂದಾಗ ಆ ನಗು ಇರುವುದಿಲ್ಲ. ಮೂರು ವರ್ಷಗಳ ಹಿಂದೆ ಪದರ ಒಲೆಯಲ್ಲಿದ್ದಾಗಲೇ ಆಸ್ಪತ್ರೆಯಿಂದ ಅಣ್ಣನ ಫೋನ್ ಬಂದಿತ್ತು: “ಅಮ್ಮ ನಿನ್ನನ್ನೇ ಕೇಳ್ತಿದ್ದಾಳೆ, ಬೇಗ ಬಾರೆ.”

“ಮೇಡಂ ಹೋಗು ಅಂದ್ರು. ನಾನೇ ‘ಇದೊಂದು ಬಿಡಿಸಿ ಬರ್ತೀನಣ್ಣ’ ಅಂದೆ. ಜ್ವರ ತಾನೇ ಅಂದ್ಕೊಂಡಿದ್ದೆ. ಹೋಗೋಷ್ಟರಲ್ಲಿ ಅಮ್ಮನಿಗೆ ಮಾತು ನಿಂತುಹೋಗಿತ್ತು. ಏನು ಹೇಳ್ಬೇಕು ಅಂತಿದ್ಲೋ, ಗೊತ್ತಾಗ್ಲೇ ಇಲ್ಲ.” ಮರುದಿನ ಅಮ್ಮ ತೀರಿಕೊಂಡರು.

ಕಾಲುವೆಯಿಂದ ಕಿತ್ತುಬರದೆ ದ್ರವಗಳನ್ನು ಬೆರೆಸಿದ ಮೊದಲ ರೆಪ್ಪೆ ಅಂದು ಬಿಡಿಸಿದ್ದೇ. ಮೇಡಂ ಅದನ್ನು ಕತ್ತರಿಸಿ ಚಿಪ್‌ಗೆ ಕೂರಿಸಿ ನೋಡಿ, ಪ್ರಯೋಗಾಲಯದಲ್ಲಿ ಚಪ್ಪಾಳೆ ಬಿದ್ದಾಗ ರೆಪ್ಪೆಯಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು.

ಆಮೇಲೆ ಅಣ್ಣ ಮುಖ ಕೊಟ್ಟು ಮಾತಾಡಿರಲಿಲ್ಲ. ಕಳೆದ ತಿಂಗಳು ಹೇಳದೆ ಕೇಳದೆ ಇಲ್ಲಿಗೆ ಬಂದು, “ಅವತ್ತು ಮಾಡಿದ್ದು ತೋರಿಸು” ಎಂದರಂತೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರಂತೆ.

“‘ಚೆನ್ನಾಗಿ ಮಾಡಿದ್ದೀಯ ಕಣೇ. ಆದ್ರೂ ಬರಬೇಕಿತ್ತು’ ಅಂದ. ‘ಹೌದಣ್ಣ’ ಅಂದೆ.”

ಚಿಪ್ ಸದ್ಯದಲ್ಲೇ ಆಸ್ಪತ್ರೆಗಳಿಗೆ ಹೋಗಲಿದೆ. ತಮಗೇನು ಬೇಕು ಎಂದರೆ ರೆಪ್ಪೆಯಕ್ಕ ಕೈಗವಸು ಬಿಚ್ಚುತ್ತ ಹೇಳುತ್ತಾರೆ: “ಆರಿದ್ರೂ ಗಾಜಿಗೆ ಕಚ್ಚದೆ ಸ್ವಲ್ಪ ಹೊತ್ತು ನಮಗಾಗಿ ಕಾಯೋ ಅಂಥ ಪಾಲಿಮರ್ ಕಂಡುಹಿಡೀರಿ ಅಂತ ಮೇಡಂಗೆ ಹೇಳಿದೀನಿ. ನನ್ನ ನಂತರ ಇಲ್ಲಿ ಕೂರೋಳು, ಮನೆಯಿಂದ ಫೋನ್ ಬಂದ್ರೆ ಅರ್ಧಕ್ಕೇ ಬಿಟ್ಟು ಎದ್ದು ಹೋಗೋ ಹಾಗಿರಬೇಕು.”