ಕೆಂಪು ಅಕ್ಷರಗಳನ್ನು ಓದಿಸಿದವರು

ಹಳೆಯ ಕಾವ್ಯಗಳಲ್ಲಿ ನೆತ್ತರನ್ನು ಕಂಡು ರೋಮಾಂಚನಗೊಂಡ ವಿದ್ವಾಂಸರು ಬಹಳ ಮಂದಿ. ಅದು ಎಲ್ಲಿ ವೀರನ ಹೆಮ್ಮೆ, ಎಲ್ಲಿ ಕುಲದ ಹಕ್ಕು, ಎಲ್ಲಿ ಹೆರಿಗೆಯ ನೋವು ಎಂದು ಬಿಡಿಸಿ ನೋಡುವುದನ್ನು ನಮ್ಮ ಪೀಳಿಗೆಗೆ ಕಲಿಸಿದವರು, ಈಗ ನಿವೃತ್ತರಾಗುತ್ತಿರುವ ನಮ್ಮ ಗುರುಗಳು.

ಹಳ್ಳಿಯಿಂದ ಬಂದ ನಾನು ಮೊದಲ ಪ್ರಬಂಧದ ತುಂಬ ರಣರಂಗವನ್ನೇ ಹರಡಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ, "ನಿಮ್ಮನೇಲಿ ಹಸು ಕರು ಹಾಕಿದ್ದು ನೋಡಿಲ್ವೇನೋ? ಅದೂ ರಕ್ತಾನೇ ತಾನೇ?" ಎಂದರು. ಕೊಟ್ಟಿಗೆಯ ಹುಲ್ಲಿನ ಮೇಲೆ ಕಂಡದ್ದಕ್ಕೂ ಕಾವ್ಯಕ್ಕೂ ನಂಟಿದೆಯೆಂದು ನನಗೆ ಹೊಳೆದದ್ದು ಅಂದೇ.

ಅವರು ಹಸ್ತಪ್ರತಿ ವಿಭಾಗದ ಮುಖ್ಯಸ್ಥರಾಗಿದ್ದಾಗ ಒಂದು ಮನೆತನದವರು ಪೆಟ್ಟಿಗೆ ತುಂಬ ಹಳೆಯ ಪ್ರತಿಗಳನ್ನು ಕೊಟ್ಟರು. ಗುರುಗಳು ಬರೆಯುತ್ತಿದ್ದ ಗ್ರಂಥಕ್ಕೆ ಆ ಪೆಟ್ಟಿಗೆಯೇ ಆಧಾರ. ಅದರಲ್ಲೊಂದು ಪ್ರತಿಯ ಕೆಂಪು ಅಕ್ಷರಗಳನ್ನು ಪೂರ್ವಜರೊಬ್ಬರು ಯುದ್ಧಕ್ಕೆ ಹೊರಡುವ ಮುನ್ನ ತಮ್ಮ ರಕ್ತದಲ್ಲೇ ಬರೆದರೆಂದು ಮನೆಯವರ ನಂಬಿಕೆ. ರಕ್ತವಾಗಿದ್ದರೆ ಇಷ್ಟು ಕಾಲಕ್ಕೆ ಕಂದಿ ಕಪ್ಪಾಗಬೇಕಿತ್ತು. ಇದು ಅರಗಿನ ಬಣ್ಣವೆಂದು ಗುರುಗಳು ಪರೀಕ್ಷಿಸಿ ಕಂಡುಕೊಂಡರು. ಸುದ್ದಿ ತಿಳಿದ ಆ ಮನೆಯ ಮಗ, ವೃತ್ತಿಯಲ್ಲಿ ವಕೀಲರು, ವಿಭಾಗದ ಬಾಗಿಲಲ್ಲೇ ನಿಂತು, "ರಕ್ತ ಅಂತಾನೇ ಬರೀರಿ ಸರ್. ಇಲ್ಲಾಂದ್ರೆ ಪೆಟ್ಟಿಗೆ ವಾಪಸ್ ಕೊಡಿ" ಎಂದರು. ಒಂದೇ ಪದ ತಾನೇ, ಬರೆದು ಮುಗಿಸಬಾರದೇ ಎಂದು ನಾವೆಲ್ಲ ಒಳಗೊಳಗೇ ಅಂದುಕೊಂಡೆವು.

ಗುರುಗಳು ವಾದಕ್ಕಿಳಿಯಲಿಲ್ಲ. ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು, ವಕೀಲರ ವೃದ್ಧ ತಾಯಿಯ ಬಳಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು.

"ಹಾಗಾದ್ರೆ ರಕ್ತ ಅಲ್ವಾ ಇದು?" ಎಂದರು ಆ ತಾಯಿ.

"ಅಲ್ಲಮ್ಮ. ಆದ್ರೆ ನೀವು ಹಾಗೆ ನಂಬಿದ್ರಿ ಅನ್ನೋದನ್ನೂ ಬರೀತೀನಿ. ಅದೂ ಮುಖ್ಯಾನೇ."

"ನಂಬೋದೇನು ಬಂತು, ಹೆದರ್ತಿದ್ವಿ. ಸೊಸೆಯಾಗಿ ಬಂದಾಗಿಂದ ಧೂಳು ಒರೆಸಿದ್ದೇ ಒರೆಸಿದ್ದು, ಒಂದು ಹಾಳೆ ಬಿಡಿಸಿಲ್ಲ. ಸತ್ತವರ ರಕ್ತಾನ ಯಾರು ಓದ್ತಾರೆ ಹೇಳಿ? ಏನಿದೆ ಅದರಲ್ಲಿ, ಓದಿ."

ಗುರುಗಳು ಓದಿದರು. ಯುದ್ಧದ ಸೊಲ್ಲೇ ಇರಲಿಲ್ಲ. ಮುನಿದು ಮನೆಬಿಟ್ಟ ತಮ್ಮನನ್ನು ಅಣ್ಣನೊಬ್ಬ ಊಟಕ್ಕೆ ಕರೆಯುವ ಪದ್ಯಗಳು. ಹೊಸ್ತಿಲಲ್ಲಿ ಮುಖ ಬಿಗಿದು ನಿಂತಿದ್ದ ವಕೀಲರಿಗೆ ತಾಯಿ, "ಕೂತ್ಕೊಂಡು ಕೇಳೋ, ಇದು ಕೋರ್ಟಲ್ಲ" ಎಂದರು. ಅವರು ಕುಳಿತರು. ಪೆಟ್ಟಿಗೆ ವಿಭಾಗದಲ್ಲೇ ಉಳಿಯಿತು.

ನಾವು ಹೊರಡುವಾಗ ಆ ತಾಯಿ ಕೇಳಿದ್ದಿಷ್ಟೇ: "ಉಳಿದದ್ದು ಯಾವಾಗ ಓದ್ತೀರಿ?"

ಆ ಪೆಟ್ಟಿಗೆಯಲ್ಲಿ ಬಿಚ್ಚದ ಕಟ್ಟುಗಳು ಇನ್ನೂ ಇವೆ. ಗುರುಗಳಿಗೆ ದೀರ್ಘಾಯುಸ್ಸನ್ನೂ ಮಂಜಾಗದ ಕಣ್ಣುಗಳನ್ನೂ ಹಾರೈಸುತ್ತ, ಶಿಷ್ಯರಾದ ನಾವೂ ಅದನ್ನೇ ಕೇಳುತ್ತಿದ್ದೇವೆ.