ಕೆಡವಿ ಬಂದೆ ಅಂದವನು

ನನ್ನ ಬಾಯಿ ಊರಿಗೇ ಗೊತ್ತು. ಹಾಲ್ಕುರಿಕೆಯಲ್ಲಿ ಬಸ್ಸು ಹತ್ತಿದರೆ ತಿಪಟೂರಲ್ಲಿ ಇಳಿಯುವವರೆಗೂ ಮುಚ್ಚುವುದಿಲ್ಲ ಅಂತ ಕಂಡಕ್ಟರೇ ಗೇಲಿ ಮಾಡುತ್ತಿದ್ದ. ಅಂಥವಳು, ಮಾತಾಡಲೇಬೇಕಿದ್ದ ಒಂದೇ ಒಂದು ದಿನ ಬಾಯಿ ಹೊಲಿದುಕೊಂಡು ನಿಂತೆ.

ಪಕ್ಕದ ಮನೆಯವನದು ತೆಂಗಿನ ಮರ ಹತ್ತಿ ಕಾಯಿ ಇಳಿಸುವ ಕಸುಬು. ಅದಕ್ಕೆ ನಮ್ಮ ಕಡೆ ಕೆಡವುವುದು ಅನ್ನುತ್ತೇವೆ. "ನಾಳೆ ನಮ್ದು ಕೆಡವಪ್ಪ" ಅಂದರೆ ಸಾಕು, ಕಾಯಿ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು ಮಧ್ಯಾಹ್ನ ಅವನು ಮಚ್ಚು ಹಿಡಿದು, ಬೆವರು ಸುರಿಸುತ್ತಾ ನಮ್ಮ ಜಗಲಿಗೆ ಬಂದು ನೀರು ಕೇಳಿದ. ಕುಡಿದು, "ಅಂತೂ ಕೆಡವಿ ಬಂದೆ ಕಣಕ್ಕ" ಅಂದ. ಅವತ್ತು ಅವನು ಕಾಯಿ ಕೆಡವಿದ್ದ ತೋಟದ ಯಜಮಾನರ ಹೆಣ ಸಂಜೆ ಪಂಪ್‌ಹೌಸಿನ ಹಿಂದೆ ಸಿಕ್ಕಿತು. ಕತ್ತಿನ ಮೇಲೆ ಏಟು ಬಿದ್ದಿತ್ತು. ಹಿಂದಿನ ವಾರ ಸಂತೆಯಲ್ಲಿ ಇಬ್ಬರೂ ಬೈದಾಡಿಕೊಂಡದ್ದನ್ನು ಹತ್ತಾರು ಜನ ನೋಡಿದ್ದರು. ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ನನ್ನನ್ನು ಸಾಕ್ಷಿ ಮಾಡಿದರು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು, "ಆರೋಪಿ ನಿಮ್ಮ ಹತ್ತಿರ 'ಕೆಡವಿ ಬಂದೆ' ಅಂದಿದ್ದು ನಿಜವೇ?" ಎಂದು ಕೇಳಿದರು. ನಿಜ ಅಂದೆ. "ಸ್ವಾಮಿ, ನಮ್ಮ ಕಡೆ ಅದು..." ಅನ್ನುವಷ್ಟರಲ್ಲಿ, "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ" ಎಂದು ಗದರಿದರು. ಅವನ ಪರ ವಕೀಲರು ಕಾಗದದಿಂದ ತಲೆಯನ್ನೇ ಎತ್ತಲಿಲ್ಲ. ಕೂಗಿಯಾದರೂ ಹೇಳಬಹುದಿತ್ತು. ದೊಡ್ಡವರ ಮುಂದೆ ಅಧಿಕಪ್ರಸಂಗ ಯಾಕೆ ಅಂತ ಹೆದರಿ ಕಟಕಟೆ ಇಳಿದುಬಿಟ್ಟೆ. ಕೆಡವಿದ್ದು ಯಜಮಾನರನ್ನೇ ಅಂತ ಕೋರ್ಟು ಅರ್ಥ ಮಾಡಿಕೊಂಡಿತು. ಅವನಿಗೆ ಗಲ್ಲು ಶಿಕ್ಷೆಯಾಯಿತು.

ಆಮೇಲೆ ಅವನ ಹೆಂಡತಿಯ ಕೈ ಹಿಡಿದು ಎಲ್ಲವನ್ನೂ ಹೇಳಿದೆ. ಅವನು ಹೇಳಿದ್ದು ಕಾಯಿ ಮಾತು ಕಣೇ, ತಪ್ಪು ನನ್ನದು ಅಂತ ಅತ್ತೆ. ಅವಳು ಕೈ ಬಿಡಿಸಿಕೊಂಡಳು. "ಜಡ್ಜ್ ಸಾಹೇಬ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಕ್ಕ? ಏನೂ ಮಾಡ್ದೆ ಇದ್ರೆ ಗಲ್ಲು ಅಂತ ಸುಮ್ನೆ ಬರೀತಾರಾ?" ಅಂದಳು. ಶಿಕ್ಷೆ ಅಷ್ಟು ದೊಡ್ಡದಾದ ಮೇಲೆ ತಪ್ಪೂ ಅಷ್ಟೇ ದೊಡ್ಡದಿರಬೇಕು ಅಂತ ಊರೆಲ್ಲ ನಂಬಿತ್ತು. ಅವಳು ಒಂದು ಸಲವೂ ಜೈಲಿಗೆ ಹೋಗಿ ಅವನ ಮುಖ ನೋಡಲಿಲ್ಲ. ಮೂರನೇ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಸಾಯುವ ಹಿಂದಿನ ದಿನ ಗಂಜಿ ಕುಡಿಸುತ್ತಾ ಮತ್ತೆ ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದಳು.

ಏಳು ವರ್ಷದ ಮೇಲೆ ಮೇಲಿನ ಕೋರ್ಟು ಅವನನ್ನು ಬಿಟ್ಟಿತು. ಅವನ ಮಚ್ಚಿಗೂ ಹೆಣದ ಮೇಲಿನ ಗಾಯಕ್ಕೂ ತಾಳೆಯೇ ಆಗುವುದಿಲ್ಲವಂತೆ. ಕೆಡವುವುದು ಅಂದರೆ ಏನು ಅಂತಲೂ ಅಲ್ಲಿ ಯಾರೋ ಪುಣ್ಯಾತ್ಮರು ವಿಚಾರಿಸಿದರಂತೆ. ಅಷ್ಟರೊಳಗೆ ನೇಣು ಹಾಕಿಬಿಟ್ಟಿದ್ದರೆ ಬಿಡುಗಡೆ ಯಾರಿಗೆ ಮಾಡುತ್ತಿದ್ದರು? ಈಗಲೂ ಇದನ್ನು ನೆನೆದರೆ ಮೈ ಉರಿಯುತ್ತದೆ. ಯಾರ ಮೇಲೆ ಅಂತ ಸಿಟ್ಟಾಗಲಿ? ಅವನನ್ನು ಅಲ್ಲಿಗೆ ತಳ್ಳಿದವರಲ್ಲಿ ನಾನೂ ಒಬ್ಬಳೇ.

ಬಸ್ಸಿಳಿದವನು ನೇರ ನಮ್ಮ ಮನೆಗೇ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೈಯಲಿ, ಉಗಿಯಲಿ ಅಂತ ತಲೆ ತಗ್ಗಿಸಿ ಕುಳಿತೆ. ಅವನು ಹೆಂಡತಿ ಇಲ್ಲದ ತನ್ನ ಮನೆಯ ಕಡೆ ನೋಡುತ್ತಾ, "ಅಕ್ಕ, ನಾನು ಮಾಡಿಲ್ಲ ಅಂತ ಅವ್ಳಾದ್ರೂ ನಂಬಿದ್ಲಾ?" ಎಂದು ಕೇಳಿದ.

"ನಂಬಿದ್ಲು ಕಣಪ್ಪ. ಕೊನೇವರ್ಗೂ ನಂಬಿದ್ಲು" ಅಂದೆ.

ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡು ಎದ್ದ. "ಅಷ್ಟು ಸಾಕು ಬುಡಕ್ಕ" ಅಂದ.