ಶಾಲೆಯ ಟ್ರ್ಯಾಕ್ಟರಿನ ಎಂಟು ಬೋಲ್ಟು

ತಮಿಳುನಾಡಿನ ಪೋರೂರಿನ ಒಂದು ಶಾಲೆಯಲ್ಲಿ ಮೈದಾನದ ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರ್ ಇತ್ತು. ಯಾರೋ ಹಳೆಯ ವಿದ್ಯಾರ್ಥಿ ವಿದೇಶದಿಂದ ತರಿಸಿಕೊಟ್ಟದ್ದು. ಹೊಟ್ಟೆಯಡಿ ಎರಡು ಅಲಗು, ಮುಂದೆ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಯಜಮಾನರು ನಿವೃತ್ತರಾದ ಮೇಲೆ ಅದನ್ನು ಓಡಿಸುವ, ರಿಪೇರಿ ಮಾಡುವ ಕೆಲಸಕ್ಕೆ ಸೇರಿದರು. ಆರು ವರ್ಷ ಸುಖವಾಗಿದ್ದರು. ಏಳನೆಯ ವರ್ಷ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಇದು ವಯಸ್ಸಿನ ಮರೆವಲ್ಲ, ಕಾಯಿಲೆ, ಇನ್ನು ಹೆಚ್ಚುತ್ತಲೇ ಹೋಗುತ್ತದೆ ಎಂದರು.

ನಾನು ಶಾಲೆಯವರಿಗೆ ಹೇಳಲಿಲ್ಲ. ಹೇಳಿದರೆ ಮರುದಿನವೇ ಅವರನ್ನು ಮನೆಯಲ್ಲಿ ಕೂರಿಸಬೇಕು. ಕೂತರೆ ಬೇಗ ಕಳೆದುಹೋಗುತ್ತಾರೆ ಎಂಬ ಭಯ ನನಗೆ. ಊಟದ ಡಬ್ಬಿಯ ನೆಪದಲ್ಲಿ ದಿನಾ ಅವರ ಜೊತೆ ಹೋಗಿ ಶೆಡ್ಡಿನ ನೆರಳಲ್ಲಿ ಕೂತಿರುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ದಿನ ಅವರು ಹಿಂದೆ ನೋಡದೆ ರಿವರ್ಸ್ ತೆಗೆದರು. ಗಿಡಗಳಿಗೆ ನೀರು ಬಿಡುತ್ತಿದ್ದ ಹೆಂಗಸು ಚೀರಿ ಪಕ್ಕಕ್ಕೆ ಹಾರಿಕೊಂಡಳು. ಯಾರಿಗೂ ಹೇಳಬೇಡಮ್ಮ ಎಂದು ಅವಳ ಕೈ ಹಿಡಿದು ಬೇಡಿಕೊಂಡೆ. ಅವಳು ಹೇಳಲಿಲ್ಲ. ಆ ಹೊತ್ತಿನಲ್ಲಿ ಮೈದಾನದ ಅಂಚಿನಲ್ಲಿ ಒಂದನೇ ಕ್ಲಾಸಿನ ಮಕ್ಕಳು ಆಟಕ್ಕೆ ಸಾಲು ನಿಂತಿದ್ದರು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಮೇ ತಿಂಗಳ ರಜೆಯಲ್ಲಿ ಟ್ರ್ಯಾಕ್ಟರ್ ಮೈದಾನದ ನಡುವೆ ನಿಂತುಬಿಟ್ಟಿತು. ಅದಕ್ಕೂ ಮುಂಚೆ ವಾರದಿಂದ ಎಳೆತ ಕಡಿಮೆಯಾಗಿ, ಎಂಜಿನ್ನಿನ ಪಕ್ಕದಿಂದ ಪುಸ್ ಪುಸ್ ಎಂದು ಗಾಳಿ ಹೊರಡುತ್ತಿತ್ತು. ಯಜಮಾನರು ಬಗ್ಗಿ ಬೆರಳಿಂದ ಮಸಿ ಸವರಿ ನನಗೆ ತೋರಿಸಿದರು.

“ನೋಡಿದ್ಯಾ ಇವಳೇ? ಹೆಡ್ ಗ್ಯಾಸ್ಕೆಟ್ ಸುಟ್ಟೋಗಿದೆ. ಸಿಲಿಂಡರಿಗೂ ಅದರ ಮುಚ್ಚಳಕ್ಕೂ ಮಧ್ಯ ಇರೋ ಹಾಳೆ ಅದು. ಬೆಂಕಿ ಆಚೆ ಬರದಂಗೆ ತಡಿಯೋದು ಅದೇ.”

ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಇಷ್ಟು ನೆಟ್ಟಗಿನ ಮಾತು ಬಂದಿತ್ತು.

ಆಮೇಲಿನ ಮೂರು ದಿನ ಅವರು ಮೊದಲಿನವರೇ ಆಗಿದ್ದರು. ತಗಡಿನ ಹೊದಿಕೆ ಬಿಚ್ಚಿದಾಗ ಎಂಜಿನ್ ತಣಿಯಲು ಗಾಳಿ ಆಡುವ ರೆಕ್ಕೆಗಳ ಸಂದಿಯಲ್ಲೆಲ್ಲ ಒಣಹುಲ್ಲು ಗಟ್ಟಿಯಾಗಿ ತುಂಬಿಕೊಂಡಿತ್ತು. ಪ್ರತಿ ತಿಂಗಳು ಅದನ್ನು ತೆಗೆಯುತ್ತಿದ್ದವರು ಅವರೇ. ಈ ವರ್ಷ ಮರೆತಿದ್ದರು. ಎಂಜಿನ್ ಕಾದು ಗ್ಯಾಸ್ಕೆಟ್ ಸುಟ್ಟದ್ದು ಅದರಿಂದಲೇ. ಅವರು ಹುಲ್ಲನ್ನೆಲ್ಲ ಕಿತ್ತು ಒಂದು ಕಡೆ ಗುಡ್ಡೆ ಹಾಕಿದರು. ಎಂಟು ಬೋಲ್ಟು ಬಿಚ್ಚಿ ಹೆಡ್ ಎತ್ತಿದರು. ಮಸಿ ಕೆರೆದರು. ಗಾಜಿನ ಹಲಗೆಯ ಮೇಲೆ ಉಪ್ಪುಕಾಗದ ಹಾಸಿ, ಹೆಡ್ಡನ್ನು ಅದರ ಮೇಲಿಟ್ಟು ಮಟ್ಟಸವಾಗುವವರೆಗೆ ಉಜ್ಜಿದರು. ಇಬ್ಬರೂ ಬಸ್ಸಿನಲ್ಲಿ, ಗಾಡಿಗಳ ಬಿಡಿಭಾಗ ಮಾರುವ ಪುದುಪೇಟೆಗೆ ಹೋಗಿ, ಹಳೆಯದನ್ನು ತೋರಿಸಿ, ಅದೇ ಅಳತೆಗೆ ಹೊಸ ಗ್ಯಾಸ್ಕೆಟ್ ಕತ್ತರಿಸಿಕೊಂಡು ಬಂದೆವು. ಅಂಗಡಿಯವನೊಡನೆ ಅವರು ಕೂದಲೆಳೆಯ ದಪ್ಪಕ್ಕೂ ವಾದ ಮಾಡಿದರು. ಡಾಕ್ಟರು ತಪ್ಪು ಹೇಳಿರಬಹುದೇ ಎಂದು ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಿದೆ.

ನಾಲ್ಕನೆಯ ದಿನ ಹೆಡ್ ಕೂರಿಸಿದರು. ಬೋಲ್ಟುಗಳನ್ನು ಒಂದೇ ಸಲ ಬಿಗಿಯಬಾರದು. ಮೊದಲು ನಡುವಿನದು, ಆಮೇಲೆ ಅದರ ಎದುರಿನದು, ಹಾಗೆ ಅಡ್ಡಡ್ಡವಾಗಿ ಮೂರು ಸುತ್ತು, ಪ್ರತಿ ಸುತ್ತಿಗೂ ಸ್ವಲ್ಪ ಹೆಚ್ಚು ಬಿಗಿ. ಎಷ್ಟು ಬಿಗಿಯಾಯಿತೆಂದು ತೋರಿಸುವ ಮುಳ್ಳಿನ ಸ್ಪ್ಯಾನರ್ ಒಂದು ಅವರ ಬಳಿ ಇತ್ತು. ಎರಡು ಸುತ್ತು ಸರಿಯಾಗಿ ನಡೆಯಿತು. ಮೂರನೆಯದರ ಮಧ್ಯದಲ್ಲಿ ಪಿ.ಟಿ. ಮಾಸ್ಟರು ಬಾಗಿಲಲ್ಲಿ ತಲೆ ಹಾಕಿ, “ಸರ್, ಮುಡಿಂಜುಡ್ಚಾ?” ಎಂದು ಕೇಳಿದರು. ಮುಗೀತಾ ಎಂದು, ಅಷ್ಟೇ. ಯಜಮಾನರು ತಿರುಗಿ ನಕ್ಕು, “ಅಂಜು ನಿಮಿಷಂ” ಎಂದು ಐದು ನಿಮಿಷ ಕೇಳಿದರು. ಮತ್ತೆ ಎಂಜಿನ್ ಕಡೆ ತಿರುಗಿದಾಗ ಕೈ ಗಾಳಿಯಲ್ಲೇ ನಿಂತಿತು.

ಮೊದಲ ಬೋಲ್ಟಿನಿಂದ ಮತ್ತೆ ಶುರು ಮಾಡಿದರು. ಎಂಟು ಮುಗಿಸಿ ಮತ್ತೆ ಮೊದಲಿನದಕ್ಕೆ ಬಂದರು.

“ಆಯ್ತು ರೀ, ಎಲ್ಲಾ ಬಿಗಿಯಾಗಿದೆ. ನಾನು ಎಣಿಸ್ತಾ ಇದ್ದೆ.”

“ನಿಂಗೇನ್ ಗೊತ್ತು? ಸುಮ್ನೆ ಇರು. ಇದು ಲೂಸ್ ಇದೆ.”

“ಇಲ್ಲ ರೀ...”

“ಆ ಪೈಪ್ ಕೊಡು. ಸೀಕ್ರಂ ಕೊಡು!”

ಬೇಗ ಎನ್ನಲು ಅವರ ಬಾಯಿಗೆ ತಮಿಳು ಬಂದಿತ್ತು. ನಾನು ಕೊಡಲಿಲ್ಲ. ನನ್ನ ಪಕ್ಕದಲ್ಲಿದ್ದ ಕಬ್ಬಿಣದ ಪೈಪನ್ನು ಅವರೇ ಕಿತ್ತುಕೊಂಡು, ಹಿಡಿ ಉದ್ದವಾಗಲೆಂದು ಸಾದಾ ಸ್ಪ್ಯಾನರಿಗೆ ಸಿಕ್ಕಿಸಿ, ಮೈಭಾರವೆಲ್ಲ ಹಾಕಿ ಎಳೆದರು. ಕಡಲೆ ಒಡೆದಂಥ ಸಣ್ಣ ಸದ್ದಾಯಿತು. ಬೋಲ್ಟಿನ ತಲೆ ಮುರಿದು ನೆಲದ ಮೇಲೆ ಉರುಳಿತು. ಉಳಿದ ತುಂಡು ಒಳಗೇ ಸಿಕ್ಕಿಕೊಂಡಿತ್ತು.

ನಲವತ್ತು ವರ್ಷದ ಕೆಲಸದಲ್ಲಿ ಅವರು ಒಂದು ಬೋಲ್ಟನ್ನೂ ಮುರಿದವರಲ್ಲ. ಸ್ಟೂಲಿನ ಮೇಲೆ ಕೂತು ಅಂಗೈಗಳನ್ನು ನೋಡಿಕೊಂಡರು. ಭುಜ ಮುಟ್ಟಿದೆ. ತಲೆಯೆತ್ತಿ, ಬಹಳ ಮರ್ಯಾದೆಯಿಂದ ಕೇಳಿದರು:

“ನೀಂಗ ಯಾರುಮ್ಮಾ? ಯಾರ ಪಾಕ್ಕಣುಂ?”

ನೀವು ಯಾರು, ಯಾರನ್ನು ನೋಡಬೇಕಿತ್ತು ಎಂದು. ಮೂವತ್ತನಾಲ್ಕು ವರ್ಷ ನಮ್ಮಿಬ್ಬರ ಮಧ್ಯೆ ಕನ್ನಡ ಬಿಟ್ಟು ಬೇರೆ ಮಾತು ಇರಲಿಲ್ಲ. ತಮಿಳು ಹೊರಗಿನವರಿಗೆ. ಅವರು ಎಂದೂ ನನ್ನ ಹೆಸರು ಹಿಡಿದು ಕರೆದವರಲ್ಲ, ‘ಇವಳೇ’ ಎನ್ನುತ್ತಿದ್ದರು. ಹಾಗಾಗಿ ನನ್ನ ಹೆಸರನ್ನು ಯಾವಾಗ ಮರೆತಿದ್ದರೋ ನನಗೆ ಗೊತ್ತಾಗಿರಲೇ ಇಲ್ಲ.

ನೀರು ಕುಡಿಸಿದೆ. ಅರ್ಧ ಗಂಟೆಯ ಮೇಲೆ, “ಊಟ ಆಯ್ತಾ?” ಎಂದು ಕನ್ನಡದಲ್ಲಿ ಕೇಳಿದರು. ಆದರೆ ನಾನು ಆಗಲೇ ಎದ್ದು ಹೋಗಿ ಪಿ.ಟಿ. ಮಾಸ್ಟರಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದೆ, ಫೆಬ್ರವರಿಯದನ್ನೂ ಸೇರಿಸಿ. ಮಾಸ್ಟರು ಸಿಟ್ಟಾಗಲಿಲ್ಲ. “ಅಮ್ಮಾ, ಅಲ್ಲಿ ಚಿಕ್ಕ ಮಕ್ಕಳು ಇರ್ತಾರೆ” ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿ, ಮುಖ ಆಚೆ ತಿರುಗಿಸಿಕೊಂಡರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕೆಟ್ಟ ಎಂಜಿನ್ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಮಾಸ್ಟರ ಒಪ್ಪಿಗೆ ಪಡೆದು, ಎಂಜಿನ್ನನ್ನು ಆಟೋದಲ್ಲಿ ಹಾಕಿಸಿಕೊಂಡು ವಡಪಳನಿಯ ಒಂದು ಲೇತ್ ಅಂಗಡಿಗೆ ಒಯ್ದೆ. ಅಂಗಡಿಯವರು ಮುರಿದ ತುಂಡನ್ನು ಕೊರೆದು ತೆಗೆದು, ಬೋಲ್ಟು ತಿರುಗಿ ಕೂರುವ ಸುತ್ತುಗೀರನ್ನು ಹೊಸದಾಗಿ ಹಾಕಿಕೊಟ್ಟರು. ಹೆಡ್ ಮತ್ತೆ ಬಿಚ್ಚುವಾಗ ಸೀಳಿದ ಗ್ಯಾಸ್ಕೆಟ್ ಬದಲಿಗೆ ಇನ್ನೊಂದನ್ನೂ ಒಂದು ಹೊಸ ಬೋಲ್ಟನ್ನೂ ತಂದೆ. ಶೆಡ್ಡಿಗೆ ಮರಳಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಗದದ ಮೇಲೆ ಗೀಟು ಹಾಕುತ್ತ, ಎಂಟು ಬೋಲ್ಟನ್ನೂ ಮೂರು ಸುತ್ತು ನಾನೇ ಬಿಗಿದೆ. ಹಗ್ಗದ ಮೂರನೆಯ ಎಳೆತಕ್ಕೆ ಎಂಜಿನ್ ಹಿಡಿಯಿತು. ಹೊಗೆಯಿಲ್ಲ, ಪುಸ್ ಎನ್ನುವ ಸದ್ದಿಲ್ಲ. ಅವರ ಮುಖ ನೋಡಿದೆ. ಎರಡು ಕಿವಿಯನ್ನೂ ಮುಚ್ಚಿಕೊಂಡು, “ನಿಲ್ಸಕ್ಕೆ ಹೇಳು, ಮನೆಗೆ ಹೋಗೋಣ” ಎಂದರು.

ಮಾಸ್ಟರು ಟ್ರ್ಯಾಕ್ಟರಿನ ಕೀ ಕೇಳಿದರು. ಯಜಮಾನರು ಕೊಡಲಿಲ್ಲ. ಜೇಬಿನ ಮೇಲೆ ಕೈ ಒತ್ತಿ ಹಿಡಿದು ಗೋಡೆಗೆ ಆತುಕೊಂಡು ನಿಂತರು. ಕೊನೆಗೆ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೀ ತೆಗೆದುಕೊಟ್ಟವಳು ನಾನು. ಗೇಟಿನವರೆಗೂ ಅವರು ನನ್ನಿಂದ ನಾಲ್ಕು ಹೆಜ್ಜೆ ದೂರವೇ ನಡೆದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಕೂರಲಿಲ್ಲ. ಕಂಬಿ ಹಿಡಿದು, ನನಗೆ ಬೆನ್ನು ಮಾಡಿ, ನಮ್ಮ ಸ್ಟಾಪ್ ಬರುವವರೆಗೂ ನಿಂತೇ ಇದ್ದರು.